ಇದ್ದಿಲು ತುಂಬಿಸಿದರೂ ವಾಸನೆ ಹೋಗುತ್ತಿಲ್ಲ ಎಂದಿದ್ದೀರಲ್ಲ, ಕಾರ್ಬನ್ ಫಿಲ್ಟರ್ ಬಗ್ಗೆ ನನ್ನ ಉತ್ತರ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. 1.2 ಮೀಟರ್ ಉದ್ದ, ಅಷ್ಟೇ ಅಗಲ, 2 ಮೀಟರ್ ಎತ್ತರದ, ಮನೆಯೊಳಗೆ ದೀಪದ ಬೆಳಕಲ್ಲಿ ಗಿಡ ಬೆಳೆಸುವ ಟೆಂಟ್. ಒಳಗೆ ಟೊಮೇಟೊ, ಬೇಸಿಲ್, ಮೂಲೆಯಲ್ಲಿ ಎರೆಹುಳು ಡಬ್ಬಿ. ವಾರಕ್ಕೊಮ್ಮೆ ಮೀನಿನ ದ್ರವಗೊಬ್ಬರ. ವಾಸನೆ ತಡೆಯಲು ಬಕೆಟ್‌ಗೆ ತೂತು ಕೊರೆದು, ಒಲೆಯ ಇದ್ದಿಲನ್ನು ಕುಟ್ಟಿ ತುಂಬಿಸಿ, ಮೇಲೆ ಕಂಪ್ಯೂಟರ್ ಫ್ಯಾನ್ ಕೂರಿಸಿದ್ದೀರಿ. ಆದರೂ ಮನೆಯವರು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಾರೆ. ನಾನು ಮೊದಲು ಕಟ್ಟಿದ ಫಿಲ್ಟರ್ ಕೂಡ ಹೆಚ್ಚುಕಮ್ಮಿ ಹೀಗೇ ಇತ್ತು, ಹಾಗಾಗಿ ಎಲ್ಲಿ ಎಡವಿದ್ದೀರಿ ಎಂದು ಚೆನ್ನಾಗಿ ಗೊತ್ತಾಗುತ್ತದೆ. ನಿಮ್ಮ ಆಲೋಚನೆ ಸರಿಯಾಗಿಯೇ ಇದೆ. ಇದ್ದಿಲು, ಫ್ಯಾನ್, ಗಾಳಿ ಸಾಗುವ ದಾರಿ, ಈ ಮೂರನ್ನು ಬದಲಿಸಬೇಕು ಅಷ್ಟೇ.

ಮೊದಲು ಇದ್ದಿಲಿನ ವಿಷಯ. ಒಲೆಯ ಇದ್ದಿಲೂ ಆಕ್ಟಿವೇಟೆಡ್ ಕಾರ್ಬನ್ನೂ ನೋಡಲು ಒಂದೇ ಥರ, ಕೆಲಸದಲ್ಲಿ ಬೇರೆಬೇರೆ. ಇದ್ದಿಲನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಬೆ ಹಾಯಿಸಿ ಕಾಯಿಸಿದಾಗ ಅದರೊಳಗೆ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ರಂಧ್ರಗಳು ತೆರೆದುಕೊಳ್ಳುತ್ತವೆ, ಅದೇ ಆಕ್ಟಿವೇಟೆಡ್ ಕಾರ್ಬನ್. ಒಳ್ಳೆಯ ಕಾರ್ಬನ್‌ನ ಒಂದೇ ಗ್ರಾಂನಲ್ಲಿ ಒಳಮೈ ಸುಮಾರು 1000 ಚದರ ಮೀಟರ್ ಇರುತ್ತದೆ, ಅಂದರೆ ಹತ್ತಿರಹತ್ತಿರ ಕಾಲು ಎಕರೆ! ವಾಸನೆಯ ಕಣಗಳು ಈ ಒಳಮೈಗೆ ಬಂದು ಅಂಟಿಕೊಳ್ಳುತ್ತವೆ. ಒಲೆಯ ಇದ್ದಿಲಿನಲ್ಲಿ ಈ ರಂಧ್ರಗಳು ತೀರಾ ಕಡಿಮೆ. ಎಷ್ಟು ಕುಟ್ಟಿದರೂ ಹೊಸ ರಂಧ್ರ ಹುಟ್ಟುವುದಿಲ್ಲ, ಪುಡಿ ಮಾತ್ರ ಜಾಸ್ತಿಯಾಗುತ್ತದೆ. ಆ ಪುಡಿ ಗಾಳಿಯನ್ನೂ ಕಟ್ಟಿಹಾಕುತ್ತದೆ.

ಕೊಳ್ಳುವಾಗ ತೆಂಗಿನ ಚಿಪ್ಪಿನ ಕಾರ್ಬನ್ ಕೇಳಿ. ಅದು ಗಟ್ಟಿ, ದೂಳು ಕಡಿಮೆ, ಎಲೆ ಹೂವಿನ ವಾಸನೆಗೆ ಬೇಕಾದ ಸಣ್ಣ ರಂಧ್ರಗಳು ಅದರಲ್ಲಿ ಹೇರಳ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಕ್ಕೆ ತೆಂಗಿನ ಚಿಪ್ಪನ್ನೇ ಹುಡುಕಿ ತರಿಸಿದ್ದು ಈ ಗುಣಕ್ಕಾಗಿಯೇ. ಚೀಲದ ಮೇಲೆ ಅಯೋಡಿನ್ ನಂಬರ್ (ಸಣ್ಣ ರಂಧ್ರಗಳು ಎಷ್ಟಿವೆ ಎಂದು ತಿಳಿಸುವ ಅಂಕಿ) ಅಂತ ಬರೆದಿರುತ್ತದೆ, ಅದು 900ಕ್ಕಿಂತ ಮೇಲಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಆಕಾರದಲ್ಲಿ 3ರಿಂದ 4 ಮಿ.ಮೀ. ದಪ್ಪದ ಪೆಲೆಟ್ (ಒತ್ತಿ ಮಾಡಿದ ಸಣ್ಣ ಕಡ್ಡಿಯಂಥ ತುಂಡು) ಅಥವಾ ಅದೇ ಗಾತ್ರದ ಕಾಳು ಇರಲಿ. ಪುಡಿ ಬೇಡವೇ ಬೇಡ. ಅಕ್ವೇರಿಯಂ ಕಾರ್ಬನ್ ಕಾಳಿನ ರೂಪದಲ್ಲಿ ಸಿಕ್ಕರೆ ಅದೂ ನಡೆಯುತ್ತದೆ.

ಇನ್ನು ಫ್ಯಾನ್. ಕಂಪ್ಯೂಟರ್ ಫ್ಯಾನ್ ಬಯಲಿನಲ್ಲಿ ಚೆನ್ನಾಗಿ ಬೀಸುತ್ತದೆ. ಎದುರಿಗೆ 5 ಸೆಂ.ಮೀ. ದಪ್ಪದ ಕಾರ್ಬನ್ ಗೋಡೆ ಬಂದರೆ ರೆಕ್ಕೆ ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಮುಂದೆ ಹೋಗುವುದಿಲ್ಲ. ನಿಮ್ಮ ಬಕೆಟ್ ಮೇಲೆ ಅಂಗೈ ಇಟ್ಟು ನೋಡಿ, ನಿಮಗೇ ತಿಳಿಯುತ್ತದೆ. ಇದಕ್ಕೆ ಒತ್ತಡ ಹುಟ್ಟಿಸುವ ಫ್ಯಾನ್ ಬೇಕು: ಪೈಪಿನ ನಡುವೆ ಕೂರುವ ಇನ್‌ಲೈನ್ ಸೆಂಟ್ರಿಫ್ಯೂಗಲ್ ಅಥವಾ ಮಿಕ್ಸ್ಡ್ ಫ್ಲೋ ಫ್ಯಾನ್. ವೇಗ ಇಳಿಸುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು.

ಅಳತೆಗೆ ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಟೆಂಟ್‌ನೊಳಗಿನ ಗಾಳಿ 2.88 ಘನ ಮೀಟರ್. ಅದನ್ನು ನಿಮಿಷಕ್ಕೊಮ್ಮೆ ಬದಲಿಸಬೇಕೆಂದರೆ ಗಂಟೆಗೆ ಸುಮಾರು 173 ಘನ ಮೀಟರ್, ಫ್ಯಾನ್ ಮೇಲೆ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಎಂದು ಬರೆಯುತ್ತಾರಲ್ಲ, ಆ ಲೆಕ್ಕದಲ್ಲಿ 100 ಆಸುಪಾಸು. ಫಿಲ್ಟರ್ ಮತ್ತು ಪೈಪ್ ಸೇರಿ ಒಂದಿಷ್ಟು ತಿಂದುಹಾಕುವುದರಿಂದ 150ರ ಫ್ಯಾನ್ ತಂದು ನಿಧಾನವಾಗಿ ಓಡಿಸಿ. ಫಿಲ್ಟರ್ ಅಂದರೆ ಒಂದರೊಳಗೊಂದು ನಿಲ್ಲಿಸಿದ ಎರಡು ಜಾಲರಿ ಕೊಳವೆ, ನಡುವಿನ ಜಾಗದಲ್ಲಿ ಕಾರ್ಬನ್. ಒಳಜಾಲರಿ 10 ಸೆಂ.ಮೀ. ವ್ಯಾಸ, ಹೊರಜಾಲರಿ 20 ಸೆಂ.ಮೀ. ವ್ಯಾಸ, ಎತ್ತರ 45 ಸೆಂ.ಮೀ. ಮಾಡಿದರೆ ನಡುವೆ ಸುಮಾರು 10.6 ಲೀಟರ್ ಜಾಗ ಉಳಿಯುತ್ತದೆ. ಲೀಟರ್‌ಗೆ ಅರ್ಧ ಕೆ.ಜಿ. ಹಿಡಿದರೆ 5 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ಕಾರ್ಬನ್ ಬೇಕು. ತುಂಬುವಾಗ ಕುಸಿಯುತ್ತದೆ, 6 ಕೆ.ಜಿ. ಇಟ್ಟುಕೊಳ್ಳಿ. ಈ ಅಳತೆಯಲ್ಲಿ ಗಾಳಿ ಕಾರ್ಬನ್ ನಡುವೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಇರುತ್ತದೆ. ಕೇಳಲು ಏನೂ ಅಲ್ಲ ಅನ್ನಿಸಬಹುದು, ಆದರೆ ಎಲೆಯ ವಾಸನೆ ಹಿಡಿಯಲು ಧಾರಾಳವಾಗಿ ಸಾಕು.

ಕಟ್ಟುವುದು ಕಷ್ಟವಿಲ್ಲ. 2 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿ ತೆಗೆದುಕೊಳ್ಳಿ. ಒಳಗಿನದಕ್ಕೆ 34 ಸೆಂ.ಮೀ., ಹೊರಗಿನದಕ್ಕೆ 65 ಸೆಂ.ಮೀ. ಅಗಲ ಕತ್ತರಿಸಿ, ಅಂಚು ಒಂದರ ಮೇಲೊಂದು ಬರುವಂತೆ ಸುತ್ತಿ ತಂತಿಯಿಂದ ಹೊಲಿಯಿರಿ. ಕೈಗವಸು ಹಾಕಿಕೊಳ್ಳಿ, ಆ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ತಳಕ್ಕೆ ತೂತಿಲ್ಲದ ಪ್ಲೈವುಡ್ ಬಿಲ್ಲೆ. ಮೇಲಕ್ಕೆ 10 ಸೆಂ.ಮೀ. ತೂತಿನ ಬಿಲ್ಲೆ, ಅದಕ್ಕೆ ಫ್ಯಾನ್ ಕೂರುವ ಕಂಠ, ಅಂದರೆ ಫ್ಲ್ಯಾಂಜ್. ಎರಡು ಜಾಲರಿಯನ್ನೂ ತಳದ ಬಿಲ್ಲೆಗೆ ಸರಿಯಾಗಿ ನಡುವೆ ಬರುವಂತೆ ನಿಲ್ಲಿಸಿ ಸಿಲಿಕೋನ್ ಹಚ್ಚಿ. ಒಳಜಾಲರಿ ಒಂದು ಬದಿಗೆ ವಾಲಿದರೆ ಅಲ್ಲಿ ಕಾರ್ಬನ್ ತೆಳ್ಳಗಾಗುತ್ತದೆ, ಗಾಳಿಯೆಲ್ಲ ಆ ಕಡೆಯಿಂದಲೇ ನುಗ್ಗುತ್ತದೆ. ಸಿಲಿಕೋನ್ ಪೂರ್ತಿ ಒಣಗಿ ಅದರ ಹುಳಿ ವಾಸನೆ ಹೋಗುವವರೆಗೆ, ಅಂದರೆ ಒಂದು ದಿನವಾದರೂ, ಕಾರ್ಬನ್ ಹಾಕಬೇಡಿ. ಇಲ್ಲದಿದ್ದರೆ ಹೊಸ ಕಾರ್ಬನ್ ಮೊದಲು ಆ ವಾಸನೆಯನ್ನೇ ಹಿಡಿಯಲು ಶುರುಮಾಡುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಬಿಡಬೇಡಿ. ಹೆಚ್ಚಿನ ಮನೆ ಫಿಲ್ಟರ್‌ಗಳು ಸೋಲುವುದು ಇಲ್ಲೇ. ಗಾಳಿಗೆ ಸುಲಭದ ದಾರಿ ಸಿಕ್ಕರೆ ಅದು ಕಷ್ಟದ ದಾರಿ ಹಿಡಿಯುವುದಿಲ್ಲ. ಎಷ್ಟೇ ಒಳ್ಳೆಯ ಕಾರ್ಬನ್ ಇದ್ದರೂ ಬೆರಳು ತೂರುವಷ್ಟು ಸಂದಿ ಉಳಿದರೆ ವಾಸನೆ ಅಲ್ಲಿಂದಲೇ ದಾಟುತ್ತದೆ. ನನ್ನ ಎರಡನೇ ಫಿಲ್ಟರ್‌ನಲ್ಲಿ ಕಾರ್ಬನ್ ಒಳ್ಳೆಯದಿತ್ತು, ಫ್ಯಾನ್ ಒಳ್ಳೆಯದಿತ್ತು. ಅದನ್ನು ಅಡ್ಡಡ್ಡ ಮಲಗಿಸಿ ತೂಗುಹಾಕಿದ್ದೆ. ಎರಡು ವಾರ ಏನೂ ವಾಸನೆ ಇಲ್ಲ, ಆಮೇಲೆ ಒಂದೇ ಸಲ ಶುರು. ಬಿಚ್ಚಿ ನೋಡಿದರೆ ಫ್ಯಾನಿನ ನಡುಕಕ್ಕೆ ಕಾರ್ಬನ್ ಕೆಳಗೆ ಕುಸಿದು, ಮೇಲ್ಭಾಗದಲ್ಲಿ ಆ ತುದಿಯಿಂದ ಈ ತುದಿಯವರೆಗೆ ಖಾಲಿ ಕಾಲುವೆ ಬಿದ್ದಿತ್ತು. ಆವತ್ತಿನಿಂದ ಯಾವ ಫಿಲ್ಟರನ್ನೂ ಮಲಗಿಸಿಲ್ಲ.

ಹಾಗಾಗಿ ಎರಡು ಕೆಲಸ ಮಾಡಿ. ಎರಡೂ ಜಾಲರಿಯ ಮೇಲಿನ 5 ಸೆಂ.ಮೀ. ಭಾಗವನ್ನು ಅಲ್ಯೂಮಿನಿಯಂ ಟೇಪಿನಿಂದ ಸುತ್ತಲೂ ಮುಚ್ಚಿಬಿಡಿ. ಮುಂದೆ ಕಾರ್ಬನ್ ಎರಡು ಬೆರಳು ಕುಸಿದರೂ ಆ ಖಾಲಿ ಜಾಗಕ್ಕೆ ಗಾಳಿ ನೇರವಾಗಿ ಬರಲಾಗುವುದಿಲ್ಲ, ಕಾರ್ಬನ್ ಹಾದೇ ಬರಬೇಕು. ಇನ್ನೊಂದು, ತುಂಬುವಾಗ ಅವಸರ ಬೇಡ. ನಾಲ್ಕು ಬೆರಳಷ್ಟು ಹಾಕಿ, ಸುತ್ತಲೂ ತಟ್ಟಿ, ಬುಡವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ, ಕೂತ ಮೇಲೆ ಮತ್ತೆ ಹಾಕಿ. ಸೇರಿಗೆ ರಾಗಿ ಅಳೆಯುವಾಗ ಕುಲುಕಿ ಕೂರಿಸುತ್ತಾರಲ್ಲ, ಹಾಗೆ. ಬಾಯಿಮಟ್ಟ ತುಂಬಿದ ಮೇಲೆ ಮುಚ್ಚಳಕ್ಕೆ ಸಿಲಿಕೋನ್. ತುಂಬುವ ಮೊದಲು ಜರಡಿ ಹಿಡಿದು ದೂಳು ಬೇರೆ ಮಾಡಿ. ಇದನ್ನೆಲ್ಲ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡೇ ಮಾಡಿ. ಆ ಕಪ್ಪು ದೂಳು ಎದೆಗೆ ಒಳ್ಳೆಯದಲ್ಲ, ಗೋಡೆಗೆ ಹತ್ತಿದರೆ ಬಿಡುವುದೂ ಇಲ್ಲ. ಮೊದಲ ಹತ್ತು ನಿಮಿಷ ಫ್ಯಾನನ್ನೂ ಹೊರಗೇ ಓಡಿಸಿ, ಉಳಿದ ದೂಳು ಹಾರಿಹೋಗಲಿ.

ಹೊರಜಾಲರಿಗೆ ತೆಳು ಪಾಲಿಯೆಸ್ಟರ್ ಬಟ್ಟೆಯ ಒಂದು ಹೊದಿಕೆ ಸುತ್ತಿ. ಎಲೆ ಪುಡಿ, ಮಣ್ಣಿನ ದೂಳು ಅಲ್ಲೇ ನಿಲ್ಲುತ್ತದೆ. ತಿಂಗಳಿಗೊಮ್ಮೆ ತೆಗೆದು ಒಗೆದು ಒಣಗಿಸಿ ಮತ್ತೆ ಹಾಕಿ.

ಫಿಲ್ಟರ್ ಟೆಂಟ್ ಒಳಗೆ, ಮೇಲ್ಭಾಗದಲ್ಲಿ, ನೆಟ್ಟಗೆ ಇರಲಿ. ಅದರ ತಲೆಗೆ ಫ್ಯಾನ್, ಫ್ಯಾನಿನಿಂದ ಪೈಪ್ ಹೊರಗೆ. ಫ್ಯಾನ್ ಫಿಲ್ಟರ್ ಮೂಲಕ ಗಾಳಿ ಎಳೆಯಬೇಕು. ಹೀಗೆ ಎಳೆದಾಗ ಟೆಂಟ್ ಒಳಗೆ ಒತ್ತಡ ಕಡಿಮೆಯಾಗಿ, ಜಿಪ್ ಸಂದಿಯಲ್ಲಿ ಹೊರಗಿನ ಗಾಳಿ ಒಳಬರುತ್ತದೆಯೇ ಹೊರತು ಒಳಗಿನ ವಾಸನೆ ಹೊರಬರುವುದಿಲ್ಲ. ಗೋಡೆಗಳು ಸ್ವಲ್ಪ ಒಳಕ್ಕೆ ಬಾಗಿದ್ದರೆ ಸರಿಯಾಗಿದೆ ಎಂದರ್ಥ. ಟಿಶ್ಯೂ ಕಾಗದದ ಸಣ್ಣ ಪಟ್ಟಿಯನ್ನು ಜಿಪ್ ಹತ್ತಿರ ಹಿಡಿದು ನೋಡಿ, ಅದು ಒಳಕ್ಕೆ ಬಾಗಬೇಕು. ಪೈಪ್ ಗಿಡ್ಡಗಿರಲಿ, ತಿರುವು ಆದಷ್ಟು ಕಡಿಮೆ ಇರಲಿ. ಎಲ್ಲ ಸೇರಿ ಏಳೆಂಟು ಕೆ.ಜಿ. ಆಗಬಹುದು, ಟೆಂಟಿನ ಕಂಬಿ ಅಷ್ಟು ತೂಕ ತಡೆಯುತ್ತದಾ ಎಂದು ಮೊದಲೇ ನೋಡಿಕೊಳ್ಳಿ. ಅನುಮಾನ ಇದ್ದರೆ ನೇತುಹಾಕಬೇಡಿ, ಸ್ಟೂಲ್ ಮೇಲೆ ನಿಲ್ಲಿಸಿ.

ಕಾರ್ಬನ್‌ಗೆ ದೊಡ್ಡ ಶತ್ರು ತೇವ. ಟೆಂಟ್ ಒಳಗಿನ ತೇವಾಂಶ ಶೇ. 70 ದಾಟಿದರೆ ನೀರೇ ಆ ರಂಧ್ರಗಳಲ್ಲಿ ಕೂತುಬಿಡುತ್ತದೆ, ವಾಸನೆಗೆ ಜಾಗ ಇರುವುದಿಲ್ಲ. ಒಂದು ತೇವಮಾಪಕ ಇಡಿ, 60ರೊಳಗೆ ಇರುವಂತೆ ನೋಡಿಕೊಳ್ಳಿ. ರಾತ್ರಿ ದೀಪ ಆರಿಸಿದಾಗ ತೇವ ಏರುತ್ತದೆ, ಆಗಲೂ ಫ್ಯಾನ್ ನಿಲ್ಲಿಸಬೇಡಿ.

ಎಷ್ಟು ಕಾಲ ಬಾಳುತ್ತದೆ ಎಂದು ಕೇಳಿದ್ದಿರಿ. ವಾಸನೆ ಎಷ್ಟಿದೆ, ತೇವ ಎಷ್ಟಿದೆ ಎನ್ನುವುದರ ಮೇಲೆ ಹೋಗುತ್ತದೆ. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಬರಬಹುದು. ಪೈಪಿನ ಬಾಯಿಯಲ್ಲಿ ವಾಸನೆ ಬರತೊಡಗಿದರೆ ಕಾರ್ಬನ್ ಬದಲಿಸಿ. ಓವನ್ನಿನಲ್ಲಿ ಕಾಯಿಸಿದರೆ ಮತ್ತೆ ಹೊಸದಾಗುತ್ತದೆ ಎನ್ನುವವರಿದ್ದಾರೆ. ಅಷ್ಟು ಬಿಸಿಗೆ ನೀರು ಹೋಗುತ್ತದೆ, ಗಟ್ಟಿಯಾಗಿ ಅಂಟಿದ ವಾಸನೆ ಹೋಗುವುದಿಲ್ಲ. ಜೊತೆಗೆ ಅಡುಗೆಮನೆ ನಾರುತ್ತದೆ. ಓಝೋನ್ ಯಂತ್ರ ತರುವ ಬಗ್ಗೆಯೂ ಬರೆದಿದ್ದಿರಿ. ಖಂಡಿತ ಬೇಡ. ಜನ ಇರುವ ಮನೆಯಲ್ಲಿ ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಎಲೆಗಳನ್ನೂ ಸುಡುತ್ತದೆ.

ಕೊನೆಯದಾಗಿ ಎರೆಹುಳು ಡಬ್ಬಿ. ಟೊಮೇಟೊ ಎಲೆ, ಬೇಸಿಲ್ ವಾಸನೆಯನ್ನು ಕಾರ್ಬನ್ ಚೆನ್ನಾಗಿ ಹಿಡಿಯುತ್ತದೆ. ಅಮೋನಿಯಾವನ್ನು ಸಾದಾ ಕಾರ್ಬನ್ ಹಿಡಿಯುವುದು ತೀರಾ ಕಡಿಮೆ. ಕೊಳೆತ ಮೊಟ್ಟೆಯಂಥ ವಾಸನೆಗೂ ಬೇರೆ ರಾಸಾಯನಿಕ ಲೇಪಿಸಿದ ಕಾರ್ಬನ್ ಬೇಕು. ಆದರೆ ಸರಿಯಾಗಿರುವ ಎರೆಹುಳು ಡಬ್ಬಿ ಮಳೆ ಬಿದ್ದ ಮಣ್ಣಿನ ವಾಸನೆ ಕೊಡಬೇಕು ಅಲ್ವಾ? ಮೂಗಿಗೆ ಚುಚ್ಚುವ ವಾಸನೆ ಬರುತ್ತಿದೆ ಎಂದರೆ ಒಳಗೆ ನೀರು ಜಾಸ್ತಿಯಾಗಿದೆ, ಗಾಳಿ ಸಾಲುತ್ತಿಲ್ಲ. ಒಂದು ವಾರ ಹಸಿ ತ್ಯಾಜ್ಯ ಹಾಕುವುದು ನಿಲ್ಲಿಸಿ. ಒಣ ಎಲೆ, ಹರಿದ ರಟ್ಟು ಎರಡು ಹಿಡಿ ಸೇರಿಸಿ, ಮೆಲ್ಲಗೆ ಕೆದಕಿ, ಹುಳುಗಳಿಗೆ ಗಾಳಿ ಆಡಲಿ. ಫಿಲ್ಟರ್ ಸಿದ್ಧವಾಗುವವರೆಗೆ ಡಬ್ಬಿಯನ್ನು ಟೆಂಟಿನಿಂದ ತೆಗೆದು ನೆರಳಿರುವ ಹೊರಜಾಗದಲ್ಲಿ ಇಡಿ, ಮೀನಿನ ಗೊಬ್ಬರವನ್ನೂ ಎರಡು ವಾರ ಬಿಡಿ. ಇಷ್ಟಕ್ಕೇ ಮನೆಯವರ ಮುಖ ಸ್ವಲ್ಪ ಸಡಿಲವಾಗುತ್ತದೆ.