‘ನಾನೂ ವಿದ್ಯಾರ್ಥಿನಿ’ ಎಂದು ಹೇಳಿ ಆ ಹುಡುಗನ ಫೋಟೊ ತಂದೆ

ಮೇಡಂ, ನಾನು ಬಿ.ಎ. ಕೊನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಪತ್ರಿಕೋದ್ಯಮ ನನ್ನ ಮುಖ್ಯ ವಿಷಯ. ಈ ಬೇಸಿಗೆಯಲ್ಲಿ ನಮ್ಮ ಜಿಲ್ಲಾ ಕೇಂದ್ರದ ಪತ್ರಿಕಾ ಕಚೇರಿಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಮೊದಲ ಎರಡು ವಾರ ಪ್ರೆಸ್ ನೋಟ್ ಟೈಪ್ ಮಾಡಿದ್ದೇ ಬಂತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪಕ್ಕದ ಹಳ್ಳಿಯಲ್ಲಿ ಒಬ್ಬ ಹುಡುಗ ಜೀವ ಕಳೆದುಕೊಂಡ. ಹಿರಿಯ ವರದಿಗಾರರು ನನ್ನನ್ನು ಕರೆದು, ‘ನಮ್ಮನ್ನ ಕಂಡ್ರೆ ಮನೆಯವರು ಫೋಟೊ ಕೊಡಲ್ಲ. ನೀನು ಕಾಲೇಜ್ ಬ್ಯಾಗ್ ಹಾಕ್ಕೊಂಡು ಹೋಗು’ ಎಂದರು. ಹೋದೆ. ಅವನ ಚಿಕ್ಕಮ್ಮ ‘ಯಾರಮ್ಮ ನೀನು?’ ಎಂದಾಗ ‘ನಾನೂ ವಿದ್ಯಾರ್ಥಿನಿ’ ಎಂದೆ. ಶಾಲೆಯ ಕಡೆಯವಳು ಅಂದುಕೊಂಡರೋ ಏನೋ, ಪಿಯು ಅಡ್ಮಿಷನ್‌ಗೆಂದು ತೆಗೆಸಿಟ್ಟಿದ್ದ ಪಾಸ್‌ಪೋರ್ಟ್ ಸೈಜ್ ಫೋಟೊಗಳ ಕವರ್ ಬಿಚ್ಚಿ ಒಂದನ್ನು ಕೊಟ್ಟರು. ಮಾರನೇ ದಿನ ಅವನ ಹೆಸರು, ಊರು, ಫೋಟೊ ಎಲ್ಲವೂ ಪೇಪರಿನಲ್ಲಿತ್ತು. ಗಣಿತದಲ್ಲಿ ಫೇಲ್ ಆಗಿದ್ದೇ ಕಾರಣ ಎಂದು ದಪ್ಪ ಅಕ್ಷರದ ಶೀರ್ಷಿಕೆ. ಅದರ ಕೆಳಗೆ ವರದಿಗಾರ್ತಿ ಎಂದು ನನ್ನ ಹೆಸರು, ನನ್ನ ಮೊದಲ ಬೈಲೈನ್.

ವಾರದ ನಂತರ ಆ ಚಿಕ್ಕಮ್ಮ ಹೇಗೋ ನಂಬರ್ ಹುಡುಕಿ ಫೋನ್ ಮಾಡಿದರು. ‘ಹೇಳಿ ತಗೊಂಡು ಹೋಗಬಾರದಿತ್ತೇನಮ್ಮ?’ ಎಂದರು, ಇಟ್ಟರು. ಬೈಯಲೇ ಇಲ್ಲ. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಫೋಟೊ ಇನ್ನೂ ನನ್ನ ನೋಟ್‌ಬುಕ್‌ನಲ್ಲೇ ಇದೆ. ಅವರ ಮನೆಗೆ ಹೋಗಿ ಕ್ಷಮೆ ಕೇಳಲೇ? ಇಂಟರ್ನ್‌ಶಿಪ್ ವರದಿಯಲ್ಲಿ ಆ ಕಟಿಂಗ್ ಹಾಕು, ವೈವಾದಲ್ಲಿ ಒಳ್ಳೇ ಅಂಕ ಬರುತ್ತೆ ಅನ್ನುತ್ತಾರೆ ನಮ್ಮ ಸರ್. ಪತ್ರಿಕೆಯವರು ಟ್ರೈನಿಯಾಗಿ ಸೇರು ಎನ್ನುತ್ತಿದ್ದಾರೆ. ನನಗೆ ಈ ಕೆಲಸವೇ ಬೇಡ ಅನಿಸಿಬಿಟ್ಟಿದೆ. ಏನು ಮಾಡಲಿ?

ಹೆಸರು, ಊರು ಬೇಡ

ಪ್ರಿಯ ವಿದ್ಯಾರ್ಥಿನಿ,

ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಚಿಕ್ಕಮ್ಮನ ಆ ಮಾತು. ಅದಕ್ಕೇ ಮೊದಲು ಬರುತ್ತೇನೆ. ಹೌದು, ಹೇಳಿಯೇ ಕೇಳಬೇಕಿತ್ತು. ಪತ್ರದಲ್ಲಿ ‘ಸುಳ್ಳೇನೂ ಹೇಳಲಿಲ್ಲ’ ಎಂದು ಬರೆದು, ಅದರ ಮೇಲೆ ನೀವೇ ಗೀಟು ಎಳೆದಿದ್ದೀರಿ. ಗೀಟು ಎಳೆದದ್ದು ಸರಿ. ಸಾವಿನ ಮನೆಯಲ್ಲಿ ಕೂತವರಿಗೆ ಎದುರಿನವರನ್ನು ವಿಚಾರಿಸಿ ನೋಡುವ ತ್ರಾಣ ಇರುವುದಿಲ್ಲ. ಬ್ಯಾಗ್ ಹಾಕಿಕೊಂಡ ಹುಡುಗಿ ಬಂದರೆ ಮಗುವಿನ ಜೊತೆ ಓದಿದವಳು ಎಂದುಕೊಳ್ಳುತ್ತಾರೆ. ಅವರು ಹಾಗೆ ಅಂದುಕೊಳ್ಳಲಿ ಎಂದೇ ನಿಮ್ಮನ್ನು ಕಳಿಸಿದ್ದು. ಅಂದುಕೊಂಡಾಗ ನೀವು ತಿದ್ದಲಿಲ್ಲ. ನಿಮ್ಮ ಪಾಲಿನ ತಪ್ಪು ಇಷ್ಟು. ಇದನ್ನು ಸಣ್ಣದು ಮಾಡಿ ನಿಮಗೆ ಸಮಾಧಾನ ಹೇಳಲಾರೆ.

ಆದರೆ ಉಳಿದದ್ದನ್ನೆಲ್ಲ ನೀವೇ ತಲೆ ಮೇಲೆ ಹೊತ್ತುಕೊಂಡಿದ್ದೀರಲ್ಲ, ಅದನ್ನು ಒಪ್ಪುವುದಿಲ್ಲ. ಡೆಸ್ಕ್‌ನಲ್ಲಿ ಕೂತು ವರ್ಷಗಟ್ಟಲೆ ಪುಟ ಕಟ್ಟಿದವಳು ನಾನು. ಒಂದು ಫೋಟೊ ಅಚ್ಚಿಗೆ ಹೋಗುವ ಮೊದಲು ವರದಿಗಾರ, ಬ್ಯೂರೊ ಮುಖ್ಯಸ್ಥ, ಸುದ್ದಿ ತಿದ್ದುವ ಉಪಸಂಪಾದಕ, ಪುಟ ನೋಡಿಕೊಳ್ಳುವವರು, ಇಷ್ಟು ಜನರ ಕಣ್ಣೆದುರು ಹಾಯಬೇಕು. ಇವರಲ್ಲಿ ಯಾರೊಬ್ಬರು ‘ಇದು ಬೇಡ’ ಎಂದಿದ್ದರೂ ಅದು ಅಲ್ಲೇ ನಿಲ್ಲುತ್ತಿತ್ತು. ಅವರೆಲ್ಲ ಸಂಬಳ ಪಡೆಯುವವರು, ನಿಯಮ ಗೊತ್ತಿರಬೇಕಾದವರು. ಬಸ್ ಚಾರ್ಜನ್ನೂ ಕೈಯಿಂದಲೇ ಹಾಕಿಕೊಂಡು ಬಂದ, ಮೂರನೇ ವಾರದ ಇಂಟರ್ನ್ ಒಬ್ಬಳನ್ನು ಸಾವಿನ ಮನೆಗೆ ಒಂಟಿಯಾಗಿ ಕಳಿಸಿ, ಕೊನೆಗೆ ಬೈಲೈನ್ ಕೂಡ ಅವಳ ತಲೆಗೇ ಕಟ್ಟಿದ್ದನ್ನು ಓದಿ ನನಗೆ ಸಿಟ್ಟು ಬಂತು. ನಿಮ್ಮ ಕಾಲೇಜಿನ ಮೇಲೂ ಬಂತು. ಆರು ಸೆಮಿಸ್ಟರ್ ಸುದ್ದಿಯ ತಲೆಬರಹ, ಮುನ್ನುಡಿ, ಒಡಲು ಎಂದು ಪಾಠ ಮಾಡಿದವರು, ಸಾವಿನ ಸುದ್ದಿಯನ್ನು ಹೇಗೆ ಬರೆಯಬೇಕೆಂದು ಒಂದು ತರಗತಿಯಲ್ಲಾದರೂ ಹೇಳಿಕೊಟ್ಟು ಕಳಿಸಬಾರದಿತ್ತೇ?

ಅದನ್ನು ಈಗಲಾದರೂ ತಿಳಿದುಕೊಳ್ಳಿ. ಆತ್ಮಹತ್ಯೆಯ ವರದಿ ಹೇಗಿರಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದೆ. ಅದನ್ನು ಆಧರಿಸಿ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ನಮ್ಮ ಪತ್ರಿಕೆಗಳಿಗೂ ಮಾರ್ಗಸೂಚಿ ಕೊಟ್ಟಿದೆ. ಸುದ್ದಿಯನ್ನು ಎದ್ದು ಕಾಣುವ ಜಾಗದಲ್ಲಿ ಹಾಕಬಾರದು, ರೋಚಕ ಶೀರ್ಷಿಕೆ ಕೊಡಬಾರದು, ಹೇಗೆ, ಎಲ್ಲಿ ಎಂಬ ವಿವರ ಬೇಡ, ಫೋಟೊ ಬೇಡ. ಇದು ಮನೆಯವರ ಮಾನದ ಪ್ರಶ್ನೆಯಷ್ಟೇ ಅಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಮೆಟ್ರೊ ರೈಲಿನಡಿ ಆಗುತ್ತಿದ್ದ ಇಂಥ ಸಾವುಗಳನ್ನು ಪತ್ರಿಕೆಗಳು ಭಾರೀ ಸುದ್ದಿ ಮಾಡುತ್ತಿದ್ದವು. 1987ರಲ್ಲಿ ಅಲ್ಲಿನ ತಜ್ಞರು ಪತ್ರಿಕೆಗಳಿಗೆ ಮಾರ್ಗಸೂಚಿ ಕೊಟ್ಟರು, ಪತ್ರಿಕೆಗಳು ವರದಿಯ ರೀತಿ ಬದಲಿಸಿದವು. ಆಮೇಲೆ ಅಲ್ಲಿ ಅಂಥ ಸಾವು, ಅಂಥ ಪ್ರಯತ್ನ ಎರಡೂ ಗಣನೀಯವಾಗಿ ಇಳಿದವು. ಇನ್ನು ನಿಮ್ಮ ಜಿಲ್ಲೆಯನ್ನೇ ಯೋಚಿಸಿ. ಅಂದು ಪೇಪರ್ ತೆರೆದವರಲ್ಲಿ ಅದೇ ಗಣಿತದಲ್ಲಿ ಫೇಲಾದ ಎಷ್ಟೋ ಮಕ್ಕಳಿದ್ದರು. ಆ ಶೀರ್ಷಿಕೆ ಅವರ ಕಣ್ಣಿಗೂ ಬಿದ್ದಿದೆ.

ಆ ಶೀರ್ಷಿಕೆ ಇನ್ನೊಂದು ತಪ್ಪನ್ನೂ ಮಾಡಿದೆ. ಇಂಥ ಸಾವಾದರೆ ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿಕೊಂಡು ಆಮೇಲೆ ತನಿಖೆಗೆ ಹೊರಡುತ್ತಾರೆ. ಅವರಿಗೇ ಇನ್ನೂ ಗೊತ್ತಿಲ್ಲದ ಕಾರಣ ಡೆಸ್ಕ್‌ನವರಿಗೆ ರಾತ್ರಿ ಪುಟ ಮುಗಿಸುವ ಹೊತ್ತಿಗೆ ಹೇಗೆ ಗೊತ್ತಾಯಿತು? ಒಂದು ಜೀವ ಹೋಗಲು ಒಂದೇ ಕಾರಣ ಇರುವುದು ತೀರಾ ಅಪರೂಪ. ‘ಗಣಿತದಲ್ಲಿ ಫೇಲ್’ ಎಂದು ಬರೆದದ್ದು ಊಹೆ. ಆ ಊಹೆ ಈಗ ಆ ಹುಡುಗನ ಹೆಸರಿಗೆ ಅಂಟಿಕೊಂಡಿದೆ.

ಅಂಟಿದ್ದನ್ನು ಬಿಡಿಸಲು ಇನ್ನೂ ಸ್ವಲ್ಪ ಅವಕಾಶವಿದೆ, ನಿಮ್ಮ ಕೆಲಸ ಅಲ್ಲಿಂದ ಶುರುವಾಗಬೇಕು. ಅಚ್ಚಾದ ಪೇಪರ್ ಯಾವತ್ತೋ ರದ್ದಿಗೆ ಹೋಗಿರುತ್ತದೆ. ಆದರೆ ಪತ್ರಿಕೆಯ ಜಾಲತಾಣದಲ್ಲಿ, ಫೇಸ್‌ಬುಕ್ ಪುಟದಲ್ಲಿ ಆ ಸುದ್ದಿ ಹಾಗೇ ಇರುತ್ತದೆ. ಆ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ, ನಾಳೆ ಅವರ ಸಹಪಾಠಿಗಳು ಮೊಬೈಲಿನಲ್ಲಿ ಆ ಹೆಸರು ಹುಡುಕಿದರೆ ಮೊದಲು ಬರುವುದು ಅದೇ. ಹೀಗಾಗಿ ಬ್ಯೂರೊ ಮುಖ್ಯಸ್ಥರಿಗೆ ಒಂದು ಇಮೇಲ್ ಬರೆಯಿರಿ, ಸಂಪಾದಕರಿಗೂ ಪ್ರತಿ ಹಾಕಿ. ಫೋನಿನಲ್ಲಿ ಹೇಳಿದರೆ ‘ನೋಡೋಣಮ್ಮ’ ಎಂದು ಮಾತು ಮುಗಿಯುತ್ತದೆ. ದೂರಿನ ಧಾಟಿ ಬೇಡ, ಅಳುವುದೂ ಬೇಡ. ನಿಮ್ಮ ಬೈಲೈನಿನ ವರದಿ ಎಂದು ಹೇಳಿ, ಫೋಟೊ ಪಡೆಯುವಾಗ ಪತ್ರಿಕೆಯವಳೆಂದು ತಿಳಿಸಿರಲಿಲ್ಲ ಎಂಬುದನ್ನು ನೇರವಾಗಿ ಬರೆಯಿರಿ. 2019ರ ಮಾರ್ಗಸೂಚಿ ನೆನಪಿಸಿ, ಆನ್‌ಲೈನ್ ಪ್ರತಿಯಿಂದ ಫೋಟೊ, ಹೆಸರು, ಊರು ತೆಗೆದು ಶೀರ್ಷಿಕೆ ಬದಲಿಸಲು ಕೇಳಿ. ಲಿಂಕ್‌ಗಳನ್ನು ಕೆಳಗೆ ಅಂಟಿಸಿ. ವಾರದಲ್ಲಿ ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ. ಇಷ್ಟು ಕೇಳಿದ್ದಕ್ಕೆ ಸರ್ಟಿಫಿಕೇಟ್ ತಡೆಯುತ್ತಾರೆ ಎಂಬ ಭಯ ಇದ್ದರೆ ಮೊದಲು ಸರ್ಟಿಫಿಕೇಟ್ ಇಸಿದುಕೊಂಡು ಬನ್ನಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಿಂಗಳುಗಟ್ಟಲೆ ಕಾಯಬೇಡಿ.

ಇಮೇಲ್ ಹೋದ ಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿ. ಅವರು ನಿಮಗೆ ಒಂದು ಪ್ರಶ್ನೆ ಕೇಳಿದ್ದಾರೆ, ಅದಕ್ಕೆ ಉತ್ತರ ಸಲ್ಲಬೇಕು. ಹೇಳದೆ ಕೇಳದೆ ಮನೆ ಬಾಗಿಲಿಗೆ ಮಾತ್ರ ಹೋಗಬೇಡಿ. ಒಮ್ಮೆ ಹಾಗೆ ಹೋಗಿದ್ದೇ ಸಾಕು. ಕ್ಷಮಿಸಿ ಎಂದು ಅಂಗಲಾಚುವುದೂ ಬೇಡ. ನೀವು ಅತ್ತರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ನಮ್ಮ ಹಳ್ಳಿಯ ಹೆಂಗಸರು ಹಾಗೆ ಮಾಡುವವರೇ. ಮಗು ಕಳೆದುಕೊಂಡ ಮನೆಯವರ ಮೇಲೆ ಆ ಭಾರವನ್ನೂ ಹೇರಬಾರದು. ಹೀಗೆ ಹೇಳಿದರೆ ಸಾಕು: ‘ಅವತ್ತು ನಾನು ಬಂದದ್ದು ಪೇಪರ್ ಕಡೆಯಿಂದ. ನಿಮಗೆ ಹೇಳಲಿಲ್ಲ, ಹೇಳಬೇಕಿತ್ತು. ತಪ್ಪಾಯ್ತು. ಆನ್‌ಲೈನ್‌ನಲ್ಲಿ ಇರೋದನ್ನ ತೆಗೀರಿ ಅಂತ ಬರೆದು ಕೇಳಿದ್ದೀನಿ. ಫೋಟೊ ನನ್ನ ಹತ್ತಿರ ಇದೆ, ಹೇಗೆ ತಲುಪಿಸಲಿ?’ ಬನ್ನಿ ಎಂದರೆ ಹೋಗಿ, ಕೈಗೆ ಕೊಟ್ಟು ಬನ್ನಿ. ಬೈದರೆ ಕೇಳಿಸಿಕೊಳ್ಳಿ. ಬರಬೇಡ ಎಂದರೆ ಆ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ, ಲಕೋಟೆಯಲ್ಲಿಟ್ಟು ತಲುಪಿಸಿ. ಅಂಚೆಗೆ ಹಾಕಬೇಡಿ, ಕಳೆದುಹೋದರೆ? ಪಿಯುಗೆಂದು ತೆಗೆಸಿದ ಆ ಫೋಟೊಗಳೇ ಬಹುಶಃ ಅವನ ಕೊನೆಯವು, ಒಂದೊಂದೂ ಅವರಿಗೆ ಬೇಕಾಗುತ್ತದೆ. ಇನ್ನೊಂದು ವಿಷಯವನ್ನೂ ಅವರಿಗೆ ತಿಳಿಸಿ. ಪತ್ರಿಕೆಯ ಮೇಲೆ ದೂರು ಕೊಡಬೇಕೆಂದು ಮನೆಯವರಿಗೆ ಅನಿಸಿದರೆ ಮೊದಲು ಸಂಪಾದಕರಿಗೆ ಬರೆಯಬೇಕು, ಅಲ್ಲಿ ಬಗೆಹರಿಯದಿದ್ದರೆ ಪ್ರಕಟವಾದ ಎರಡು ತಿಂಗಳೊಳಗೆ ಪತ್ರಿಕಾ ಮಂಡಳಿಗೆ ದೂರಬಹುದು. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ತಿಳಿಸಿದರೆ ನಿಮ್ಮ ಹೆಸರೂ ದೂರಿನಲ್ಲಿ ಬರಬಹುದು ಎಂಬುದು ನನಗೆ ಗೊತ್ತು. ಆದರೂ ತಿಳಿಸಿ.

ಕಟಿಂಗ್ ವಿಚಾರ. ನಿಮ್ಮ ಸರ್ ಹೇಳಿದಂತೆ ಸಾಧನೆಯ ಪಟ್ಟಿಯಲ್ಲಿ ಅದನ್ನು ಅಂಟಿಸಬೇಡಿ. ಹಾಗೆಂದು ಬಚ್ಚಿಡಲೂಬೇಡಿ. ಹೆಸರು, ಫೋಟೊ, ಊರು ಮರೆಮಾಚಿ, ಅದೇ ವರದಿಯನ್ನು ಮುಂದಿಟ್ಟುಕೊಂಡು ಒಂದು ಅಧ್ಯಾಯ ಬರೆಯಿರಿ. ನಿಮ್ಮನ್ನು ಏನೆಂದು ಹೇಳಿ ಕಳಿಸಿದರು, ನೀವು ಏನು ಹೇಳಿದಿರಿ, ಡೆಸ್ಕ್‌ನಲ್ಲಿ ಏನೇನು ಸೇರಿತು, ಮಾರ್ಗಸೂಚಿ ಏನು ಹೇಳುತ್ತದೆ ಎಂದು. ಸಹೋದ್ಯೋಗಿಗಳ ಹೆಸರು ಬೇಡ, ಹುದ್ದೆ ಸಾಕು. ಕೊನೆಗೆ ಅದೇ ಸುದ್ದಿಯನ್ನು ನೀವೇ ಮತ್ತೆ ಬರೆದು ತೋರಿಸಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ತಾಲ್ಲೂಕಿನ ಗ್ರಾಮವೊಂದರಲ್ಲಿ ಹತ್ತನೇ ತರಗತಿ ವಿದ್ಯಾರ್ಥಿಯೊಬ್ಬ ಮೃತಪಟ್ಟಿದ್ದು, ಪೊಲೀಸರು ತನಿಖೆ ನಡೆಸುತ್ತಿದ್ದಾರೆ.’ ಒಳಪುಟದಲ್ಲಿ, ಒಂದೇ ಕಾಲಂ. ಅದರ ಬದಿಯಲ್ಲಿ ಫೇಲಾದವರಿಗೆ ನಿಜಕ್ಕೂ ಬೇಕಾದ ಸುದ್ದಿ. 2024ರಿಂದ ಪರೀಕ್ಷಾ ಮಂಡಳಿ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂಬ ಕ್ರಮ ತಂದಿದೆ, ಮೊದಲ ಪರೀಕ್ಷೆಯಲ್ಲಿ ಫೇಲಾದವರಿಗೆ ಅದೇ ವರ್ಷ ಮತ್ತೆ ಬರೆಯುವ ದಾರಿ ಇದೆ. ಅರ್ಜಿ ಎಲ್ಲಿ, ಶುಲ್ಕ ಎಷ್ಟು, ಕೊನೆಯ ದಿನ ಯಾವುದು ಎಂದು ಬಿಇಒ ಕಚೇರಿಗೆ ಹೋಗಿ ಕೇಳಿಕೊಂಡು ಬರುವ ಕೆಲಸವನ್ನು ಅಂದು ನಿಮಗೆ ಒಪ್ಪಿಸಿದ್ದರೆ, ಇಂಟರ್ನ್ ಒಬ್ಬಳಿಗೆ ಅದಕ್ಕಿಂತ ಒಳ್ಳೆಯ ಅಸೈನ್‌ಮೆಂಟ್ ಬೇಕಿರಲಿಲ್ಲ. ಅದರ ಕೆಳಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416. ಈ ಅಧ್ಯಾಯಕ್ಕೆ ವೈವಾದಲ್ಲಿ ಒಂದೆರಡು ಅಂಕ ಕಡಿಮೆ ಬರಬಹುದು, ಬರಲಿ. ನಿಮ್ಮ ಜೂನಿಯರ್‌ಗಳು ಮುಂದಿನ ಬೇಸಿಗೆ ಇದೇ ಕಚೇರಿಗಳಿಗೆ ಹೋಗುವವರು, ವಿಭಾಗದಲ್ಲಿ ಅವರ ಕೈಗೆ ಸಿಗುವ ಹಾಗೆ ಅದೊಂದು ಪ್ರತಿ ಇರಬೇಕು.

ಆ 14416 ಸಂಖ್ಯೆ ನಿಮಗೂ ಹೌದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸೇವೆ ಅದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲೂ ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ನೀವು ಇನ್ನೂ ಇಪ್ಪತ್ತರ ಆಸುಪಾಸಿನವರು. ಬಹುಶಃ ಮೊದಲ ಸಲ ಅಂಥ ಮನೆಯೊಳಗೆ ಕಾಲಿಟ್ಟಿರಿ, ಹಿಂತಿರುಗಿ ಬಂದಾಗ ‘ಫೋಟೊ ಸಿಕ್ತಾ?’ ಎಂದು ಕೇಳಿದರೇ ಹೊರತು ‘ಹೇಗಿದ್ದೀಯಮ್ಮ?’ ಎಂದು ಯಾರೂ ಕೇಳಲಿಲ್ಲ. ವಾರಗಟ್ಟಲೆ ನಿದ್ದೆ ಬಾರದಿರುವುದನ್ನು ಹಾಗೇ ಬಿಡಬೇಡಿ. ಇಂದು ರಾತ್ರಿಯೂ ಬರದಿದ್ದರೆ ಫೋನ್ ಮಾಡಿ. ಅಮ್ಮನಿಗೋ ಅಕ್ಕನಿಗೋ ಇದ್ದದ್ದು ಇದ್ದಹಾಗೆ ಹೇಳಿ.

ಕೆಲಸದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಿದೆ: ಈ ಕಾರಣಕ್ಕೆ ಪತ್ರಿಕೋದ್ಯಮ ಬಿಡಬೇಡಿ. ಚಿಕ್ಕಮ್ಮನ ಒಂದು ಮಾತಿಗೆ ನಿದ್ದೆಗೆಡುವವರೇ ನಮ್ಮ ಜಿಲ್ಲಾ ಕಚೇರಿಗಳಿಗೆ ಬೇಕಾಗಿದ್ದಾರೆ. ಆ ಎರಡು ವಾರದ ಪ್ರೆಸ್ ನೋಟ್ ಕೂಡ ವ್ಯರ್ಥವಲ್ಲ. ಯಾವ ಇಲಾಖೆ ಏನನ್ನು ಕೊಚ್ಚಿಕೊಳ್ಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದು ಅವನ್ನು ಟೈಪ್ ಮಾಡುತ್ತ ಮಾಡುತ್ತಲೇ ಕಣ್ಣಿಗೆ ಬೀಳುತ್ತದೆ. ಆದರೆ ಟ್ರೈನಿಯಾಗಿ ಇದೇ ಕಚೇರಿಗೇ ಸೇರಬೇಕೆಂದೇನೂ ಇಲ್ಲ. ಸೇರುವ ಮೊದಲು ಮುಖ್ಯಸ್ಥರನ್ನು ಎದುರು ಕೂತು ಕೇಳಿ: ‘ಸರ್, ಸಾವಿನ ಮನೆಗೆ ಹೋದರೆ ಯಾವ ಪತ್ರಿಕೆಯವಳು ಅಂತ ಹೇಳಿಯೇ ಮಾತಾಡಿಸ್ತೀನಿ, ಬೇಡ ಅಂದ್ರೆ ವಾಪಸ್ ಬರ್ತೀನಿ. ಅದಕ್ಕೆ ಒಪ್ಪಿಗೆ ಇದೆಯಾ?’ ಹುಡುಗಾಟಿಕೆ ಎಂದು ನಗಬಹುದು. ‘ಆಮೇಲೆ ನೋಡೋಣ’ ಎನ್ನಬಹುದು. ಅಂಥವರ ಕೈಕೆಳಗೆ ಬೇಡ, ಬೇರೆ ಕಡೆ ಅರ್ಜಿ ಹಾಕಿ, ನಿಮ್ಮ ಆ ಅಧ್ಯಾಯವನ್ನೇ ಬರವಣಿಗೆಯ ಮಾದರಿಯಾಗಿ ಜೊತೆಗಿಡಿ. ಸ್ವಲ್ಪ ಯೋಚಿಸಿ ‘ಆಯ್ತು’ ಎಂದರೆ ಸೇರಿ, ಮೂರು ತಿಂಗಳು ನೋಡಿ. ಆ ಇಮೇಲ್‌ಗೆ ಅವರು ಕೊಡುವ ಉತ್ತರದಲ್ಲೇ ಅರ್ಧ ಗೊತ್ತಾಗುತ್ತದೆ, ಆದ್ದರಿಂದ ಅದು ಬರುವವರೆಗೆ ಸೇರುತ್ತೇನೆ ಎಂದು ಮಾತು ಕೊಡಬೇಡಿ.