ವಿಸಿಟ್ ವೀಸಾದ ಮೇಲೆ ಕೆಲಸಕ್ಕೆ ಕಳಿಸಬೇಡಿ

ಜಮಖಂಡಿಯ ಓದುಗರೊಬ್ಬರ ಪತ್ರದ ಸಾರ ಇದು: ನನ್ನ ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಐಟಿಐ ವೆಲ್ಡರ್ ಮುಗಿಸಿ ಸಕ್ಕರೆ ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಾನೆ. ವಿಜಯಪುರದ ಮಧ್ಯವರ್ತಿಯೊಬ್ಬರು 1,20,000 ರೂಪಾಯಿ ಕೇಳುತ್ತಿದ್ದಾರೆ. ‘ಪಾಸ್‌ಪೋರ್ಟ್ ಇಸಿಆರ್ (ವಲಸೆ ಅನುಮತಿ ಬೇಕು ಎಂಬ ಗುರುತು) ಇದೆ, ತಡವಾಗುತ್ತದೆ. ವಿಸಿಟ್ ವೀಸಾದ ಮೇಲೆ ದುಬೈಗೆ ಹೋಗಲಿ, ಅಲ್ಲೇ ಕೆಲಸದ ವೀಸಾ ಮಾಡಿಸೋಣ’ ಎನ್ನುತ್ತಾರೆ. ಕಬ್ಬಿನ ಬಿಲ್ ಬಂದಿದೆ, ಮುಂಗಡ ಕೊಡಬಹುದೇ?

ಕೊಡಬೇಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್ ಬೀಳುತ್ತದೆ. ಅಂಥವರು ಯುಎಇ, ಸೌದಿ, ಕತಾರ್, ಕುವೈತ್ ಸೇರಿ 18 ದೇಶಗಳಿಗೆ ದುಡಿಯಲು ಹೋಗುವುದಾದರೆ 1983ರ ವಲಸೆ ಕಾಯ್ದೆಯಂತೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ (ವಲಸೆ ಹೋಗುವವರ ರಕ್ಷಣೆಗಿರುವ ಕೇಂದ್ರ ಸರ್ಕಾರದ ಅಧಿಕಾರಿ) ಅನುಮತಿ ಬೇಕು. ಮಧ್ಯವರ್ತಿ ಇದನ್ನೇ ತೊಡಕು ಅನ್ನುತ್ತಿರುವುದು. ನಿಮ್ಮ ತಮ್ಮನಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಕಂಪನಿ, ಸಂಬಳ, ಕರಾರು ಎಲ್ಲ ಸರ್ಕಾರದ ವಲಸೆ ಜಾಲತಾಣವಾದ ಇ-ಮೈಗ್ರೇಟ್‌ನಲ್ಲಿ ದಾಖಲಾದ ಮೇಲೆಯೇ ಅನುಮತಿ ಸಿಗುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷದ ಕಂತು 275 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಕಾಯಂ ಅಂಗವಿಕಲನಾದರೆ 10 ಲಕ್ಷ ಸಿಗುತ್ತದೆ. ವಿಸಿಟ್ ವೀಸಾದಲ್ಲಿ ಹೋದವನ ಹೆಸರು ಈ ಯಾವ ಕಾಗದದಲ್ಲೂ ಇರುವುದಿಲ್ಲ.

ಅಲ್ಲಿಗೆ ಹೋದ ಮೇಲೆ ವೀಸಾ ಬದಲಿಸಿಕೊಳ್ಳಲು ಬರುತ್ತದೆ ಎಂಬುದು ನಿಜ. ಈ ಅರ್ಧ ಸತ್ಯದ ಮೇಲೆಯೇ ವ್ಯಾಪಾರ ನಡೆಯುತ್ತಿದೆ. ಕೆಲಸದ ಪರ್ಮಿಟ್ ಕೈಗೆ ಬರುವ ಮೊದಲು ಒಂದು ದಿನ ವೆಲ್ಡಿಂಗ್ ಹೋಲ್ಡರ್ ಹಿಡಿದರೂ ಅದು ಅಕ್ರಮ. ಕೂಲಿ ಮುಳುಗಿದರೆ ತೋರಿಸಲು ಕರಾರಿಲ್ಲ. ವೀಸಾ ಅವಧಿ ಮುಗಿದರೆ ದಿನಕ್ಕೆ 50 ದಿರ್ಹಂ ದಂಡ ಅವನ ತಲೆಗೇ. ಇಸಿಆರ್ ಪಾಸ್‌ಪೋರ್ಟಿನ ಯುವಕ ಪ್ರವಾಸಕ್ಕೆಂದು ಹೊರಟಾಗ ಸಂಶಯ ಬಂದರೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ.

ಮಧ್ಯವರ್ತಿಯ ಬಳಿ ಮೊದಲು ವಿದೇಶಾಂಗ ಸಚಿವಾಲಯದ ನೋಂದಣಿ ಸಂಖ್ಯೆ ಕೇಳಿ. ಅದನ್ನು ಇ-ಮೈಗ್ರೇಟ್ ತಾಣದಲ್ಲಿ ಹಾಕಿ, ಅಲ್ಲಿ ಕಾಣುವ ಹೆಸರು, ವಿಳಾಸ ನಿಮ್ಮೆದುರು ಕೂತವರದ್ದೇನಾ ನೋಡಿ, ಏಕೆಂದರೆ ಬೇರೆಯವರ ಸಂಖ್ಯೆ ತೋರಿಸುವವರಿದ್ದಾರೆ. ‘ನಾನು ಮುಂಬೈ ಆಫೀಸಿನ ಸಬ್ ಏಜೆಂಟ್’ ಎಂದರೆ ಎದ್ದು ಬನ್ನಿ, ಕಾಯ್ದೆಯಲ್ಲಿ ಸಬ್ ಏಜೆಂಟ್‌ಗೆ ಜಾಗವಿಲ್ಲ. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 35,400ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಬ್ಯಾಂಕ್ ಮೂಲಕ ಕೊಟ್ಟು ರಶೀದಿ ಪಡೆಯಿರಿ. ಯುಎಇ ಕಾನೂನಿನಲ್ಲಂತೂ ನೇಮಕದ ಖರ್ಚನ್ನು ಕಾರ್ಮಿಕನ ಮೇಲೆ ಹೇರುವುದೇ ನಿಷಿದ್ಧ.

ಆಫರ್ ಲೆಟರ್ ಬಂದಾಗ ಒಟ್ಟು ಸಂಬಳ ನೋಡಿ ಹಿಗ್ಗಬೇಡಿ, ಮೂಲ ವೇತನ ಎಷ್ಟೆಂದು ನೋಡಿ. 1,500 ದಿರ್ಹಂ ಎಂದು ಹೇಳಿ ಮೂಲ ವೇತನ 800 ಬರೆದಿದ್ದರೆ ಓವರ್‌ಟೈಮ್ ಲೆಕ್ಕ 800ರ ಮೇಲೆಯೇ. ವರ್ಷಕ್ಕೆ 21 ದಿನದ ಗ್ರ್ಯಾಚುಟಿಯೂ ಅಷ್ಟರ ಮೇಲೆಯೇ. ಹುದ್ದೆಯ ಜಾಗದಲ್ಲಿ ‘ವೆಲ್ಡರ್’ ಬದಲು ‘ಹೆಲ್ಪರ್’ ಇದ್ದರೆ ಸಹಿ ಬೇಡ. ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿಯಲ್ಲೂ ಕರಾರು ಸಿಗುತ್ತದೆ, ಕನ್ನಡದಲ್ಲಿಲ್ಲ. ಬಲ್ಲವರಿಂದ ಓದಿಸಿ.

ನಮ್ಮ ಕಡೆಯ ಒಂದು ವಿಶೇಷ ತೊಂದರೆ ಹೆಸರಿನದು. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಇರುತ್ತದೆ, ಆಧಾರ್‌ನಲ್ಲಿ ಇನಿಶಿಯಲ್ ಮಾತ್ರ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ತೊಡಕಾಗಬಹುದು: ಒಂದೇ ಹೆಸರಿನ ಪಾಸ್‌ಪೋರ್ಟ್‌ಗಳಿಗೆ ವಿಸಿಟ್ ವೀಸಾ ವಿಷಯದಲ್ಲಿ ಯುಎಇ 2022ರ ನವೆಂಬರ್‌ನಲ್ಲಿ ನಿರ್ಬಂಧ ಹಾಕಿತು. ಆಧಾರ್ ಮೊದಲು ಸರಿಪಡಿಸಿಕೊಂಡು, ಆಮೇಲೆ ಬೆಳಗಾವಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಕ್ಕೋ ಹುಬ್ಬಳ್ಳಿಗೋ ಹೋಗಿ.

ಎದೆಯ ಎಕ್ಸ್‌ರೇಯನ್ನು ಬಾಗಲಕೋಟೆಯಲ್ಲೇ ಮುಂಚೆ ತೆಗೆಸಿ. ಹಳೆಯ ಕ್ಷಯ ವಾಸಿಯಾಗಿ ಬರೀ ಕಲೆ ಉಳಿದಿದ್ದರೂ ಗಲ್ಫ್ ವೈದ್ಯಕೀಯ ತಪಾಸಣೆಯಲ್ಲಿ ಅನರ್ಹ ಎನ್ನಬಹುದು. ಹಣ ಕಟ್ಟಿದ ಮೇಲೆ ಅದು ತಿಳಿಯಬಾರದು.

ಇಸಿಆರ್ ತೆಗೆಸುವುದೇ ಆದರೆ ನೇರ ದಾರಿ ಇದೆ: ಖಾಸಗಿ ಅಭ್ಯರ್ಥಿಯಾಗಿಯೋ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಮೂಲಕವೋ ಹತ್ತನೇ ತರಗತಿ ಪಾಸು ಮಾಡಿ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕುವುದು. ಮಾನ್ಯತೆ ಪಡೆದ ಎರಡು ವರ್ಷದ ಐಟಿಐಗೂ ವಿನಾಯಿತಿ ಇದೆ, ಆದರೆ ವೆಲ್ಡರ್ ಟ್ರೇಡ್ ಒಂದೇ ವರ್ಷದ್ದು, ಅದು ಸಾಲದು. ಅಷ್ಟರಲ್ಲಿ ಅವನ ಕೈಯೂ ಪಳಗಲಿ. ಒಳ್ಳೆಯ ಸಂಬಳದ ಪೈಪ್ ಕೆಲಸಕ್ಕೆ ಕಂಪನಿಗಳು 6ಜಿ ಪರೀಕ್ಷೆ ಇಡುತ್ತವೆ: 45 ಡಿಗ್ರಿ ಓರೆಯಾಗಿ ಬಿಗಿದ ಪೈಪನ್ನು ತಿರುಗಿಸದೆ ಸುತ್ತಲೂ ಬೆಸೆಯಬೇಕು. ನುರಿಸುವ ಹಂಗಾಮು ಮುಗಿದು ಕಾರ್ಖಾನೆಯ ಬಾಯ್ಲರ್ ಟ್ಯೂಬ್ ರಿಪೇರಿಗೆ ಬಿಚ್ಚುವ ತಿಂಗಳುಗಳಲ್ಲಿ ಹಿರಿಯ ವೆಲ್ಡರ್ ಪಕ್ಕ ನಿಂತು ಅವನು ಇದನ್ನು ಕಲಿಯಬಹುದು.