ಓದುಗರ ಪ್ರಶ್ನೆ: ವೇದಿಕೆಯ ಮೇಲೆ ಎಷ್ಟು ಓದಬೇಕು?

ಪ್ರಶ್ನೆ: ಕಲಾಕೇಂದ್ರವೊಂದರಲ್ಲಿ ನನ್ನ ಕಾದಂಬರಿಯಿಂದ 20 ನಿಮಿಷ ಓದಬೇಕಿದೆ. ಭಾಗ ಆರಿಸುವುದು ಹೇಗೆ? ಮೈಕ್ ಮುಂದೆ ಧ್ವನಿ ಏರಿಳಿಯುತ್ತದೆ, ಯಾಕೆ?

ಉತ್ತರ: ಪುಟ ಎಣಿಸಬೇಡಿ, ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಮನೆಯಲ್ಲಿ 15 ನಿಮಿಷಕ್ಕೆ ಮುಗಿಯುವಷ್ಟು ಸಾಕು. ಪೀಠಿಕೆ, ನಗು, ನೀರು ಕುಡಿಯುವುದು ಉಳಿದದ್ದನ್ನು ನುಂಗುತ್ತವೆ. ಎರಡಕ್ಕಿಂತ ಹೆಚ್ಚು ಪಾತ್ರಗಳು ಮಾತಾಡುವ ದೃಶ್ಯ ಬೇಡ, ಯಾವ ಮಾತು ಯಾರದೆಂದು ಕೇಳುಗರಿಗೆ ತಿಳಿಯದು. ಕಾದಂಬರಿಯ ಕೊನೆಯನ್ನಂತೂ ಓದಲೇಬೇಡಿ!

ಧ್ವನಿ ಏರಿಳಿಯಲು ಕಾರಣ ಪುಸ್ತಕವೇ. ಅದು ಕೆಳಗಿದ್ದರೆ ತಲೆ ಬಾಗುತ್ತದೆ, ಬಾಯಿ ಮೈಕಿನಿಂದ ಸರಿಯುತ್ತದೆ. ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿಯಿರಿ. ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಎದುರಿಗಿದ್ದರೆ ಪ, ಭ ಅಕ್ಷರಗಳ ಉಸಿರು ಬಡಿದು 'ಢಬ್' ಎನ್ನುತ್ತದೆ. ಹಾಳೆಯಲ್ಲಿ ಓದುವುದಾದರೆ ದೊಡ್ಡ ಅಕ್ಷರ, ಒಂದೇ ಮಗ್ಗುಲು, ಪಿನ್ ಹೊಡೆಯದೆ.